ಉತ್ತರವೇ ಇಲ್ಲದ ಆಟದಲ್ಲಿ ನಮಗೆ ಸಿಕ್ಕ ಖುಷಿ

ನಾವು ನಾಲ್ವರು, ತಾಲ್ಲೂಕಿಗೊಬ್ಬರು: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಮಳೆ, ಬೆಳೆ, ಸುದ್ದಿ ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಒಂದೇ ಕಡೆ. ಅದು ಚಿತ್ರ ಜೋಡಿಸುವ ಒಂದು ಮೊಬೈಲ್ ಆಟ.

ಆಟ ಬಹಳ ಸಾದಾ. ಒಂದು ಚಿತ್ರವನ್ನು ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚೌಕ ಮಾಡುತ್ತದೆ. ಮೂಲೆಯ ಒಂದು ಚೌಕ ತೆಗೆದು ಆ ಮನೆ ಖಾಲಿ ಬಿಡುತ್ತದೆ. ಉಳಿದ ಎಂಟು ತುಂಡುಗಳನ್ನು ಕಲಸಿ ಇಡುತ್ತದೆ. ಪಕ್ಕದ ತುಂಡನ್ನು ಖಾಲಿ ಮನೆಗೆ ಸರಿಸುತ್ತ ಸರಿಸುತ್ತ ಚಿತ್ರವನ್ನು ಮೊದಲಿನಂತೆ ಮಾಡಬೇಕು. ಜಾತ್ರೆಯಲ್ಲಿ ಮಾರುವ, 1ರಿಂದ 15ರವರೆಗೆ ಅಂಕಿ ಇರುವ ಪ್ಲಾಸ್ಟಿಕ್ ಆಟಿಕೆ ನೆನಪಿದೆಯಲ್ಲ, ಅದೇ ಜಾತಿ.

ಕೊರತೆಗಳಿಗೆ ಬರವಿಲ್ಲ. ಎರಡು ಆಟಕ್ಕೊಮ್ಮೆ ಜಾಹೀರಾತು. ಅದನ್ನು ಮುಚ್ಚುವ ಗುರುತು ಜೋಳದ ಕಾಳಿಗಿಂತ ಸಣ್ಣದು. ಆಟದೊಳಗಿನ ಚಿತ್ರಗಳೆಲ್ಲ ಹಿಮದ ಗುಡ್ಡ, ಬಿಳಿ ಬೆಕ್ಕು, ಯಾವುದೋ ದೇಶದ ಸೇತುವೆ. ಭಾಷೆ ಕನ್ನಡ ಎಂದು ಆರಿಸಿದರೆ, 'ಪ್ಲೇ' ಇರಬೇಕಾದ ಕಡೆ 'ನಾಟಕ' ಎಂದು ಬರುತ್ತದೆ. ನಾವು ದಿನಾ 'ನಾಟಕ' ಒತ್ತಿಯೇ ಆಟ ಶುರು ಮಾಡುವುದು.

ಆದರೂ ಏಕೆ ಬಿಡಲಿಲ್ಲ? ಹಳೆಯ ಫೋನಿನಲ್ಲೂ ಓಡುತ್ತದೆ. ನೆಟ್ ಬಂದ್ ಮಾಡಿದರೂ ನಡೆಯುತ್ತದೆ, ಆಗ ಜಾಹೀರಾತೂ ಬರುವುದಿಲ್ಲ. ಬಸ್ ಕಾಯುವಾಗ, ಗ್ರಾಮಸಭೆಗೆ ಸಾಹೇಬರು ಬರುವುದನ್ನು ಕಾಯುವಾಗ ಹೊತ್ತು ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಗ್ಯಾಲರಿಯ ಫೋಟೋ ಹಾಕಿಯೂ ಆಡಬಹುದು.

ಅಲ್ಲಿಂದ ಖುಷಿ ಶುರುವಾಯಿತು. ಹಾನಗಲ್ಲಿನವಳು ತಾರಕೇಶ್ವರ ಗುಡಿಯ ಛಾವಣಿಯ ಕಮಲ ಹಾಕಿದಳು. ಎತ್ತ ನೋಡಿದರೂ ಎಸಳೇ, ಯಾವ ತುಂಡು ಎಲ್ಲಿಯದು ಎಂದು ಕಣ್ಣಿಗೆ ಹತ್ತುವುದಿಲ್ಲ. ಶಿಗ್ಗಾವಿಯವನು ಬಂಕಾಪುರ ಕೋಟೆಯ ನವಿಲು ಹಾಕಿದ. ಸವಣೂರಿನವಳು ದೊಡ್ಡಹುಣಸೆ ಕಲ್ಮಠದ ಆ ದೈತ್ಯ ಮರ ಕಳಿಸಿದಳು. ಒಂಬತ್ತರಲ್ಲಿ ಐದು ಚೌಕ ಬರೀ ಬೊಡ್ಡೆ! ಹಿರೇಕೆರೂರಿನವನು ದುರ್ಗಾದೇವಿ ಕೆರೆ ಹಾಕಿದ. ಕೆಳಗೆ ನೀರು, ಮೇಲೆ ಆಕಾಶ. ದಿನಾ ನೋಡುವ ಗುಡಿ, ಮರ, ಕೆರೆಯನ್ನು ಅಷ್ಟು ಗಮನವಿಟ್ಟು ನಾವು ಅದಕ್ಕೂ ಮೊದಲು ನೋಡಿರಲಿಲ್ಲ.

ಆದರೆ ಒಂದು ಕಿರಿಕಿರಿ ಉಳಿಯಿತು. ಸುಮಾರು ಅರ್ಧ ಆಟಗಳಲ್ಲಿ ಕೊನೆಗೆ ಎರಡೇ ಎರಡು ತುಂಡು ಅದಲುಬದಲಾಗಿ ನಿಲ್ಲುತ್ತಿದ್ದವು. ಉಳಿದದ್ದೆಲ್ಲ ಸರಿ. ಆ ಎರಡನ್ನು ಸರಿ ಮಾಡಲು ಹೋದರೆ ಬೇರೆ ಎರಡು ಕೆಡುತ್ತಿದ್ದವು.

ಸವಣೂರಿನವಳ ತಮ್ಮ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಉಳಿದು, ಮತ್ತೆ ಪರೀಕ್ಷೆಗೆ ಕೂತವನು. ಒಂದು ಸಂಜೆ ಪೂರ್ತಿ ನವಿಲಿನ ಚಿತ್ರದ ಜೊತೆ ಗುದ್ದಾಡಿ ಫೋನ್ ಕೆಳಗಿಟ್ಟ. "ಅಕ್ಕಾ, ಇದು ನನ್ನ ತಲಿಗೆ ಹತ್ತೂದಿಲ್ಲ ಬಿಡು. ಗಣಿತದಾಗ ಫೇಲಾದಾವ ನಾನು, ಇದನ್ನೇನ್ ಬಿಡಸ್ತೀನಿ?" ಅಂದ. ಈ ಮಾತು ನಮಗೆ ಚುಚ್ಚಿತು. ಆಟದಲ್ಲಿ ಸಿಕ್ಕಿಬಿದ್ದಾಗೆಲ್ಲ ನಾವೂ ನಮ್ಮ ತಲೆಯನ್ನೇ ಬೈದುಕೊಂಡಿದ್ದೆವು. ಆಟವನ್ನು ಯಾರೂ ಅನುಮಾನಿಸಿರಲಿಲ್ಲ.

ಆಮೇಲೆ ಹುಡುಕಿ ಓದಿದೆವು. ಎಂಟು ತುಂಡು ಮತ್ತು ಒಂದು ಖಾಲಿ ಮನೆಯನ್ನು 3,62,880 ಬಗೆಯಲ್ಲಿ ಇಡಬಹುದು. ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 1,81,440 ಮಾತ್ರ ಬಿಡಿಸಲು ಬರುವಂಥವು. ಅವನ್ನು ಹೆಚ್ಚೆಂದರೆ 31 ಸಲ ಸರಿಸಿ ಮುಗಿಸಬಹುದು. ಉಳಿದರ್ಧವನ್ನು ಗಣಿತದ ಮೇಷ್ಟ್ರು ಬಂದರೂ ಬಿಡಿಸಲಾಗದು.

ಕಾರಣ ಸುಲಭ. ಒಂದು ಸಲ ಸರಿಸಿದರೆ ಖಾಲಿ ಮನೆಯೂ ಒಂದು ತುಂಡೂ ಜಾಗ ಬದಲಿಸುತ್ತವೆ. ಖಾಲಿ ಮನೆ ಹೊರಟ ಮೂಲೆಗೇ ಮರಳಬೇಕು ಎಂದರೆ ಎಡಕ್ಕೆ ಹೋದಷ್ಟೇ ಬಲಕ್ಕೆ ಬರಬೇಕು, ಮೇಲಕ್ಕೆ ಹೋದಷ್ಟೇ ಕೆಳಕ್ಕೆ ಇಳಿಯಬೇಕು. ಹಾಗಾಗಿ ಒಟ್ಟು ಬದಲಾವಣೆ ಯಾವಾಗಲೂ ಸಮಸಂಖ್ಯೆ. ಎರಡೇ ತುಂಡು ಅದಲುಬದಲಾಗಲು ಬೇಕಾದದ್ದು ಬೆಸಸಂಖ್ಯೆ. ಅದು ಎಂದೂ ಕೂಡಿ ಬರುವುದಿಲ್ಲ.

ಸರಿಯಾದ ಚಿತ್ರದಿಂದಲೇ ಶುರು ಮಾಡಿ, ಸರಿಸುತ್ತ ಕಲಸಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬಹುದಲ್ಲ. ಈ ಆಟ ತುಂಡುಗಳನ್ನು ಎತ್ತಿ ಎಲ್ಲೆಂದರಲ್ಲಿ ಇಡುತ್ತದೆ. ದೋಷ ಇರುವುದು ಅಲ್ಲಿ.

ಇದು ಇಂದಿನ ಕಥೆಯೂ ಅಲ್ಲ. ಹದಿನೈದು ಅಂಕಿಯ ಆಟವನ್ನು ಮೊದಲು ರೂಪಿಸಿದವರು ನೋಯ್ಸ್ ಚಾಪ್ಮನ್ ಎಂಬ ಅಮೆರಿಕದ ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ಎನ್ನುತ್ತಾರೆ. 1880ರಲ್ಲಿ ಅಮೆರಿಕ, ಯುರೋಪುಗಳಿಗೆ ಅದರ ಹುಚ್ಚು ಹಿಡಿಯಿತು. ಸ್ಯಾಮ್ ಲಾಯ್ಡ್ ಎಂಬ ಒಗಟುಗಾರ ಆಟ ತನ್ನದೇ ಎಂದು ಹೇಳಿಕೊಂಡ. 14 ಮತ್ತು 15 ಮಾತ್ರ ಅದಲುಬದಲಾದ ಆಟ ಬಿಡಿಸಿದವರಿಗೆ ಸಾವಿರ ಡಾಲರ್ ಎಂದೂ ಸಾರಿದ. ಆ ಹಣ ಯಾರಿಗೂ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ. ಅದು ಆಗದ ಕೆಲಸ ಎಂದು ಇಬ್ಬರು ಗಣಿತಜ್ಞರು 1879ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ನಮ್ಮ ಕಡೆ ಅಜ್ಜಿಯರು ಒಗಟು ಹೇಳುವಾಗ ಒಂದು ನಿಯಮವಿತ್ತು. ಗೊತ್ತಾಗದಿದ್ದರೆ "ಊರು ಕೊಡು" ಅನ್ನುತ್ತಿದ್ದರು. ನಾವು ಒಂದೊಂದು ಊರು ಕೊಟ್ಟು ಸೋಲುತ್ತಿದ್ದೆವು, ಆದರೆ ಉತ್ತರ ಮಾತ್ರ ಅಜ್ಜಿಯ ಬಳಿ ಇದ್ದೇ ಇರುತ್ತಿತ್ತು. ಉತ್ತರ ಇಲ್ಲದ ಒಗಟು ಕೇಳಿ ಯಾವ ಅಜ್ಜಿಯೂ ಊರು ಕಸಿದುಕೊಂಡದ್ದಿಲ್ಲ.

ಇದೆಲ್ಲ ಕೇಳಿದ ತಮ್ಮ, ಸೋಪಿನ ಡಬ್ಬಿಯ ರಟ್ಟು ಕತ್ತರಿಸಿ ಎಂಟು ತುಂಡು ಮಾಡಿಕೊಂಡ. ನೆಲದ ಮೇಲೆ ಸರಿಸುತ್ತ ಸಮ, ಬೆಸ ಎಣಿಸಿದ. ಅರ್ಧ ಗಂಟೆಯ ಮೇಲೆ ತಲೆ ಎತ್ತಿ, "ಹೌದಲ್ಲಕ್ಕಾ, ಬರೂದs ಇಲ್ಲ ಇದು!" ಅಂದ. ಆ ದನಿಯಲ್ಲಿ ಸೋಲು ಇರಲಿಲ್ಲ. ಪರೀಕ್ಷೆಯ ಮಾತು ಬೇರೆ, ಅದಕ್ಕೆ ಅವನು ಓದಲೇಬೇಕು. ಆದರೆ ಈಗ ಆಟ ತೆರೆದ ಕೂಡಲೇ "ಇದು ಬಿಡಸಾಕ ಬರ್ತದೇನು, ಮೊದಲ ಅದನ್ನ ನೋಡೂಣು" ಅನ್ನುತ್ತಾನೆ. ತಲೆಗೆ ಹತ್ತುವುದಿಲ್ಲ ಎಂಬ ಮಾತು ಆ ಬಾಯಲ್ಲಿ ಕಡಿಮೆಯಾಗಿದೆ.

ಇಷ್ಟಾದರೂ ಆಟವನ್ನು ನಾವು ಫೋನಿನಿಂದ ತೆಗೆದಿಲ್ಲ. ತೆಗೆಯದಿರಲು ಕಾರಣ ಹಿರೇಕೆರೂರಿನ ಕೆರೆ. ಆ ಫೋಟೋದಲ್ಲಿ ಆಕಾಶದ ಎರಡು ತುಂಡು ನೋಡಲು ಒಂದೇ ಥರ, ಬರೀ ನೀಲಿ. ಬಿಡಿಸಲಾಗದ ಆಟ ಬಂದಾಗ ಆ ತಪ್ಪನ್ನು ಸರಿಸುತ್ತ ಸರಿಸುತ್ತ ಈ ಎರಡು ನೀಲಿ ತುಂಡುಗಳ ಮೇಲೆ ತಂದು ಬಿಡಬಹುದು. ಎರಡೂ ಅದಲುಬದಲಾಗಿರುತ್ತವೆ, ಆದರೆ ಕಣ್ಣಿಗೆ ಚಿತ್ರ ಪೂರ್ತಿ. ಕಮಲದಲ್ಲಿ, ನವಿಲಿನಲ್ಲಿ ಇದು ನಡೆಯದು.

ಹಾಗೆ ಮುಗಿಸಿದಾಗ ಆಟ 'ಶಾಬಾಶ್' ಅನ್ನುವುದಿಲ್ಲ, ಪಟಾಕಿ ಹಾರಿಸುವುದಿಲ್ಲ, ಇನ್ನೂ ಮುಗಿದಿಲ್ಲ ಎಂದು ಸುಮ್ಮನೆ ಕಾಯುತ್ತ ಇರುತ್ತದೆ. ನಾವು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಕಳಿಸುತ್ತೇವೆ. ಕೆರೆ ಸರಿಯಾಗಿದೆ ಎಂದು ಹೇಳಲು ಹಿರೇಕೆರೂರಿನವನು ಇದ್ದಾನೆ.