ಮುಖಕ್ಕೆ ಮೂರು ತಿಂಗಳು

ನಾನು ಹೈಸ್ಕೂಲಿನಲ್ಲಿದ್ದಾಗ ದಾವಣಗೆರೆಯಲ್ಲಿ ಚರ್ಮದ ಡಾಕ್ಟರ ಬೋರ್ಡಿನ ಮೇಲೆ ಮೂರು ರೋಗಗಳ ಹೆಸರು ಒಟ್ಟಿಗೆ ಇರುತ್ತಿದ್ದವು: ಚರ್ಮರೋಗ, ಗುಪ್ತರೋಗ, ಕುಷ್ಠರೋಗ. ವೈದ್ಯಶಾಸ್ತ್ರದಲ್ಲಿ ಇವತ್ತಿಗೂ ಅವು ಒಂದೇ ವಿಭಾಗ. ದೇಶದ ಚರ್ಮವೈದ್ಯರ ಸಂಘದ ಹೆಸರಿನಲ್ಲೂ ಮೂರೂ ಇವೆ. ಆದರೆ ಬೀದಿಯಲ್ಲಿ ಓಡಾಡುವವರ ಕಣ್ಣಿಗೆ ಬೀಳುತ್ತಿದ್ದದ್ದು ನಡುವಿನ ಪದ. ಮದುವೆಗೆ ಬಂದ ಹುಡುಗಿ ಆ ಮೆಟ್ಟಿಲು ಹತ್ತುವುದನ್ನು ಯಾರಾದರೂ ಕಂಡರೆ ಮೊಡವೆಗೆ ಹೋಗಿದ್ದಳು ಅಂತ ಯಾರು ನಂಬುತ್ತಾರೆ ಎನ್ನುವುದು ಅವ್ವನ ಪ್ರಶ್ನೆ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇರುವ ಊರು ನಮ್ಮದು, ಡಾಕ್ಟರುಗಳಿಗೆ ಬರವಿರಲಿಲ್ಲ. ಮೊಡವೆಗೂ ಡಾಕ್ಟರ ಹತ್ತಿರ ಹೋಗಬಹುದು ಎಂದು ಯಾರಿಗೂ ತೋಚುತ್ತಿರಲಿಲ್ಲ.

ಮನೆಯ ಲೆಕ್ಕದಲ್ಲಿ ಮೊಡವೆ ಎಂದರೆ ಉಷ್ಣ. ಅದನ್ನು ಇಳಿಸಲು ಮೆಂತ್ಯ ನೆನೆಸಿದ ಮಜ್ಜಿಗೆ, ವಾರಕ್ಕೊಮ್ಮೆ ನೆತ್ತಿಗೆ ಹರಳೆಣ್ಣೆ. ಬೇಸಿಗೆಯಲ್ಲಿ ಮಾವಿನಹಣ್ಣು ಬಂದ್, ಸಂಜೆಯ ಮಂಡಕ್ಕಿಯ ಜೊತೆಗಿನ ಮಿರ್ಚಿಯೂ ಬಂದ್. ಹಚ್ಚಲು ಸಾಣೆಕಲ್ಲಿನ ಮೇಲೆ ಹಾಲು ಹಾಕಿ ತೇಯ್ದ ಜಾಜಿಕಾಯಿ, ಶ್ರೀಗಂಧ, ಕಡಲೆಹಿಟ್ಟು–ಮೊಸರು, ಅರೆದ ಬೇವಿನ ಸೊಪ್ಪು. ಇವನ್ನೆಲ್ಲ ನಾನು ಹಳಿಯುವುದಿಲ್ಲ. ಮನೆಮಂದಿಗೆಲ್ಲ ರೊಟ್ಟಿ ಬಡಿದು ಮುಗಿಸಿದ ಮೇಲೆ ಅವ್ವ ಸಾಣೆಕಲ್ಲು ಹಿಡಿದು ಕೂರುತ್ತಿದ್ದಳು. ಮಗಳ ಮುಖದ ಚಿಂತೆ ಅವಳಿಗೆ ನಿಜವಾದ ಚಿಂತೆಯೇ ಆಗಿತ್ತು. ಆ ಮದ್ದುಗಳಲ್ಲಿ ಹೆಚ್ಚಿನವು ಒಳ್ಳೆಯದನ್ನೂ ಮಾಡಲಿಲ್ಲ, ಕೆಟ್ಟದ್ದನ್ನೂ ಮಾಡಲಿಲ್ಲ. ಲಿಂಬೆರಸವೊಂದನ್ನು ಬಿಟ್ಟು: ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದವರ ಕೆನ್ನೆ ಕಪ್ಪಿಟ್ಟದ್ದನ್ನು ನೋಡಿದ್ದೇನೆ. ಎಲ್ಲ ಮನೆಗಳಲ್ಲೂ ಕೊನೆಯ ಮದ್ದು ಒಂದೇ. ‘ಮದುವಿ ಆದ್ರೆ ತಾವಾಗೇ ಹೋಗ್ತಾವ.’

ಅಕ್ಕನ ಮೊಡವೆಗಳು ಮದುವೆಯವರೆಗೆ ಮುಚ್ಚಿಡುವಂಥವಾಗಿರಲಿಲ್ಲ. 1993ರಲ್ಲಿ ಅವಳು ಬಿ.ಎ. ಕೊನೆಯ ವರ್ಷ. ಹಣೆ, ಎರಡೂ ಕೆನ್ನೆ, ದವಡೆಯ ಅಂಚು ತುಂಬಾ ಗುಳ್ಳೆಗಳು. ಒಂದು ಆರಿದರೆ ಅದರ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ. ನಮ್ಮಂಥ ಮೈಬಣ್ಣದವರಿಗೆ ಗುಳ್ಳೆಗಿಂತ ಆಮೇಲೆ ಉಳಿಯುವ ಕಲೆಯ ಸಂಕಟವೇ ಹೆಚ್ಚು. ಕೊನೆಗೆ ಅಪ್ಪ ಒಂದು ಸಂಜೆ, ದೀಪ ಹತ್ತಿದ ಮೇಲೆ, ಅವಳನ್ನು ಕರೆದುಕೊಂಡು ಹೋದರು. ಡಾಕ್ಟರು ಟ್ರೆಟಿನಾಯಿನ್ ಬರೆದುಕೊಟ್ಟರು, 0.05 ಪ್ರತಿಶತದ್ದು. ‘ರಾತ್ರಿ ಹಚ್ಕೊಳಮ್ಮ, ತಿಂಗಳು ಬಿಟ್ಟು ಬಾ’ ಎಂದರು. ಹೊರಗೆ ಬೆಂಚು ತುಂಬಿತ್ತು. ಅದಕ್ಕಿಂತ ಹೆಚ್ಚಿನ ಮಾತಿಗೆ ಅಲ್ಲಿ ಪುರುಸೊತ್ತಿರಲಿಲ್ಲ.

ಅಕ್ಕ ಮುಖ ತೊಳೆದು, ಒದ್ದೆ ಆರುವ ಮೊದಲೇ, ಸ್ನೋ ಹಚ್ಚುವ ಹಾಗೆ ಧಾರಾಳವಾಗಿ ಹಚ್ಚಿಕೊಂಡಳು. ವಾರದೊಳಗೆ ಬಾಯಿಯ ಸುತ್ತ ಚರ್ಮ ಹೊಟ್ಟಿನಂತೆ ಎದ್ದಿತು, ಮೂಗಿನ ಪಕ್ಕ ಉರಿ, ಸೋಪು ತಾಗಿದರೆ ಕಣ್ಣಲ್ಲಿ ನೀರು. ಎರಡನೆಯ ವಾರ, ಇದುವರೆಗೆ ಇಲ್ಲದ ಕಡೆಯಲ್ಲೂ ಗುಳ್ಳೆಗಳು ಬಂದವು. ‘ಈ ಇಂಗ್ಲಿಷ್ ಔಷಧಿ ಮೊದಲೇ ಉಷ್ಣ’ ಎಂದರು ಸೋದರತ್ತೆ. ಅದೇ ಹೊತ್ತಿಗೆ ರಾಣೆಬೆನ್ನೂರಿನಿಂದ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದರು. ಅವ್ವ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದಳು.

ಆ ಡಾಕ್ಟರು ಹೇಳದೆ ಬಿಟ್ಟದ್ದನ್ನು ನಾನು ಈಗ ಪ್ರತಿ ವರ್ಷ ಹೇಳುತ್ತೇನೆ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳಾಗಿ. ಪಠ್ಯದಲ್ಲಿಲ್ಲ, ಆದರೂ ಹೇಳುತ್ತೇನೆ. ಕೂದಲು ಹುಟ್ಟುವ ಪ್ರತಿ ರಂಧ್ರದ ಒಳಗೋಡೆಯಿಂದ ಸತ್ತ ಕೋಶಗಳು ಸದಾ ಉದುರುತ್ತಿರುತ್ತವೆ. ಹರೆಯದಲ್ಲಿ ಹಾರ್ಮೋನಿನ ಒತ್ತಡಕ್ಕೆ ಎಣ್ಣೆ ಹೆಚ್ಚುತ್ತದೆ, ಉದುರಿದ ಕೋಶಗಳು ಹೊರಗೆ ಬರದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರಂಧ್ರಕ್ಕೆ ಬಿರಡೆ ಬೀಳುತ್ತದೆ. ಅದರ ಹಿಂದೆ ಎಣ್ಣೆ ತುಂಬಿ, ಚರ್ಮದಲ್ಲೇ ವಾಸಿಸುವ ಒಂದು ಬ್ಯಾಕ್ಟೀರಿಯಾ ಅಲ್ಲಿ ಬೆಳೆದು, ಕೆಂಪಾಗಿ ಊದುತ್ತದೆ. ಅಂದರೆ ಇವತ್ತು ಕನ್ನಡಿಯಲ್ಲಿ ಕಾಣುವ ಗುಳ್ಳೆ ಎಷ್ಟೋ ವಾರಗಳ ಹಿಂದೆಯೇ, ಬರಿಗಣ್ಣಿಗೆ ಕಾಣದಂತೆ, ಶುರುವಾಗಿರುತ್ತದೆ. ವಿಟಮಿನ್ ಎ ವಂಶದ ಈ ಔಷಧಿಗಳು, ರೆಟಿನಾಯ್ಡ್‌ಗಳು, ಕೆಲಸ ಮಾಡುವುದು ಆ ಕಾಣದ ಹಂತದಲ್ಲಿ. ಕೋಶದ ನ್ಯೂಕ್ಲಿಯಸ್ಸಿನಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು, ಕೋಶಗಳು ಬೆಳೆಯುವ, ಉದುರುವ ರೀತಿಯನ್ನೇ ತಿದ್ದುತ್ತವೆ. ಆದ್ದರಿಂದಲೇ ಗುಳ್ಳೆಯ ಮೇಲಷ್ಟೇ ಅಲ್ಲದೆ, ಮೊಡವೆ ಏಳುವ ಇಡೀ ಜಾಗಕ್ಕೆ ತೆಳುವಾಗಿ ಹಚ್ಚಬೇಕು. ಪೂರ್ತಿ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮುಖ ಚೆನ್ನಾಗಿ ಒಣಗಿದ ಮೇಲೆ, ಮೊದಲಿಗೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಮೊದಲ ಕೆಲವು ವಾರ ಚರ್ಮ ಒಣಗುತ್ತದೆ, ಸುಲಿಯುತ್ತದೆ, ಮೊಡವೆ ಹೆಚ್ಚಾದಂತೆಯೂ ಕಾಣಬಹುದು. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ.

ಅಂದರೆ ಮೂರು ತಿಂಗಳು. ಔಷಧಿ ಊರಿನಲ್ಲಿತ್ತು, ಚೀಟಿಯಲ್ಲೂ ಸರಿಯಾದದ್ದೇ ಇತ್ತು. ಆದರೆ ಅಕ್ಕನ ವಯಸ್ಸಿನ ಹುಡುಗಿಯ ಮುಖಕ್ಕೆ ಮೂರು ತಿಂಗಳ ಬಿಡುವು ಕೊಡುವವರು ಯಾರೂ ಇರಲಿಲ್ಲ. ಯಾವ ಭಾನುವಾರ ಯಾವ ಊರಿನಿಂದ ಯಾರು ಬಂದು ಚಾಪೆಯ ಮೇಲೆ ಕೂರುತ್ತಾರೋ ತಿಳಿಯದು. ಮುಖ ಸದಾ ತಯಾರಿರಬೇಕು. ಗುಣವಾಗುವ ಮೊದಲು ಕೆಡುವ ಔಷಧಿಗೆ ಅಂಥ ಮನೆಯಲ್ಲಿ ಜಾಗವಿಲ್ಲ. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದ್ದರೂ ಅವ್ವ ಆ ಟ್ಯೂಬನ್ನು ಉಳಿಸುತ್ತಿದ್ದಳು ಎಂದು ನನಗೆ ಅನ್ನಿಸುವುದಿಲ್ಲ.

ಜಾಗ ಇದ್ದದ್ದು ಬೇರೆ ಟ್ಯೂಬಿಗೆ. ಮನೆಯ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಒಂದನ್ನು ಕೊಟ್ಟರು. ನಾಲ್ಕೇ ದಿನಕ್ಕೆ ಉರಿ ಹೋಯಿತು, ಕೆಂಪು ಹೋಯಿತು, ಬಣ್ಣವೂ ತಿಳಿಯಾದಂತೆ ಕಂಡಿತು. ಬೆಟಾಮೆಥಾಸೋನ್, ಅಂದರೆ ಸ್ಟೀರಾಯ್ಡ್. ರಾಣೆಬೆನ್ನೂರಿನವರು ಬಂದರು, ಉಪ್ಪಿಟ್ಟು ತಿಂದರು, ಜಾತಕ ಕೂಡಲಿಲ್ಲವೆಂದು ಹೇಳಿಕಳಿಸಿದರು. ಟ್ಯೂಬು ಮಾತ್ರ ಮನೆಯಲ್ಲಿ ಉಳಿಯಿತು. ಬಿಟ್ಟರೆ ಮೊದಲಿಗಿಂತ ಜೋರಾಗಿ ಮೊಡವೆ, ಹಚ್ಚಿದರೆ ಶಾಂತ. ಹೀಗೆ ವರ್ಷಗಳೇ ಕಳೆದವು. ಮದುವೆಯೂ ಆಯಿತು, ಹುಬ್ಬಳ್ಳಿಗೆ ಹೋದಳು. ಅಷ್ಟರಲ್ಲಿ ಕೆನ್ನೆಯ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು, ಹೊಸದಾಗಿ ನವಿರು ಕೂದಲು ಬೆಳೆದಿತ್ತು. ಅಲ್ಲಿಯ ಒಬ್ಬ ಲೇಡಿ ಡಾಕ್ಟರು ಸ್ಟೀರಾಯ್ಡನ್ನು ಬಿಡಿಸಿದರು. ಬಿಡಿಸಿದ ತಿಂಗಳುಗಳಲ್ಲಿ ಮುಖ ಬೆಂದ ಹಾಗಿತ್ತೆಂದು ಅಕ್ಕ ಹೇಳುತ್ತಾಳೆ. ಇಂದಿಗೂ ಒಲೆಯ ಮುಂದೆ ಹೊತ್ತು ನಿಂತರೆ ಅವಳ ಮುಖ ಕೆಂಪೇರುತ್ತದೆ. ಸಮಾಧಾನವಾದ ಮೇಲೆ ಅದೇ ಡಾಕ್ಟರು ಕೊಟ್ಟದ್ದು ಅಡಾಪಲೀನ್ ಜೆಲ್. ಅದೂ ರೆಟಿನಾಯ್ಡೇ, ಆದರೆ ಟ್ರೆಟಿನಾಯಿನ್‌ಗಿಂತ ಮೃದು, ಬೆಳಕಿಗೆ ಬೇಗ ಕೆಡುವುದಿಲ್ಲ. ಇವರು ಮಾತ್ರ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು, ಅಕ್ಕನ ಗಂಡನಿಗೂ ಹೇಳಿದರು.

ಅಕ್ಕನಿಗೆ ಮೊದಲು ಬರೆದುಕೊಟ್ಟ ಟ್ರೆಟಿನಾಯಿನ್‌ನ ಹುಟ್ಟಿನ ಕತೆ ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಓದಿದ ಮೇಲೆ ತರಗತಿಯಲ್ಲಿ ಹೇಳದೆ ಬಿಟ್ಟಿಲ್ಲ. ಮೊಡವೆಗೆ ವಿಟಮಿನ್ ಎ ಆಮ್ಲವನ್ನು, ಅಂದರೆ ಟ್ರೆಟಿನಾಯಿನ್ ಅನ್ನು, ಹಚ್ಚಿ ಗುಣ ಕಂಡ ಪ್ರಬಂಧವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. 1971ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಇದೇ ಕ್ಲಿಗ್ಮನ್ 1950ರ ದಶಕದಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಬಗೆಬಗೆಯ ಪ್ರಯೋಗಗಳನ್ನು ನಡೆಸಿದರು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಅವರಿಗೆ ಪುಡಿಗಾಸು ಸಿಗುತ್ತಿತ್ತು; ಮೈಗೆ ಏನು ಹಚ್ಚುತ್ತಿದ್ದಾರೆ ಎಂಬುದನ್ನು ತಿಳಿಸಿ ಹೇಳುತ್ತಿರಲಿಲ್ಲ. ಆಲನ್ ಹಾರ್ನ್‌ಬ್ಲಮ್ 1998ರಲ್ಲಿ ಪುಸ್ತಕ ಬರೆದು ಇದನ್ನೆಲ್ಲ ಬಯಲಿಗೆ ತಂದರು. 2021ರಲ್ಲಿ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ, 2022ರಲ್ಲಿ ಫಿಲಡೆಲ್ಫಿಯಾ ನಗರಾಡಳಿತ ಕ್ಷಮೆ ಕೇಳಿದವು. ಕ್ಲಿಗ್ಮನ್ 2010ರಲ್ಲೇ ತೀರಿಕೊಂಡಿದ್ದರು. ಔಷಧಿ ಒಳ್ಳೆಯದು ಎಂಬುದರಿಂದ ಆ ಜೈಲಿನಲ್ಲಿ ನಡೆದದ್ದು ಸರಿಯಾಗುವುದಿಲ್ಲ. ಆ ಮನುಷ್ಯರ ಚರ್ಮದ ಋಣ ನಮ್ಮ ಮೇಲಿದೆ ಎಂದೇ ನಾನು ಮಕ್ಕಳಿಗೆ ಹೇಳುವುದು.

1975ರಲ್ಲಿ ಕ್ಲಿಗ್ಮನ್ ಮತ್ತೊಂದು ಮಿಶ್ರಣ ಪ್ರಕಟಿಸಿದರು: ಟ್ರೆಟಿನಾಯಿನ್, ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್, ಜೊತೆಗೊಂದು ಸ್ಟೀರಾಯ್ಡ್. ಬಂಗಿಗೆ ವೈದ್ಯರ ನಿಗಾದಲ್ಲಿ ಕೆಲವು ವಾರ ಬಳಸುವಂಥದ್ದು. ನಮ್ಮ ದೇಶದಲ್ಲಿ ಆ ಮೂರರ ಮಿಶ್ರಣ ಬೆಳ್ಳಗಾಗುವ ಕ್ರೀಮಾಗಿ ಮನೆಮನೆಗೆ ಬಂತು. ರೆಟಿನಾಯ್ಡ್ ಎಂಬ ಹೆಸರನ್ನೇ ಕೇಳದ ಎಷ್ಟೋ ಹೆಂಗಸರು ಅದನ್ನು ಮೊದಲು ಹಚ್ಚಿಕೊಂಡದ್ದು ಹೀಗೆ, ಸ್ಟೀರಾಯ್ಡಿನ ಸಂಗಡ. ಇದರಿಂದ ಹಾಳಾದ ಮುಖಗಳಿಗೆ ನಮ್ಮ ದೇಶದ ಚರ್ಮವೈದ್ಯರು ಪ್ರತ್ಯೇಕವಾಗಿ ರೋಗದ ಹೆಸರೇ ಇಡಬೇಕಾಯಿತು. ಅವರ ಸಂಘ ವರ್ಷಗಟ್ಟಲೆ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಆದೇಶ ಹೊರಡಿಸಿತು. ಆದೇಶ ಕಾಗದದಲ್ಲಿದೆ. ಕೌಂಟರಿನಲ್ಲಿ ಈಗಲೂ ‘ಮುಖಕ್ಕೆ ಹಚ್ಚೋ ಕ್ರೀಮ್ ಕೊಡಿ’ ಎಂದರೆ ಏನು ಕೈಗೆ ಬರುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ.

ನಾನು ಪಾಠ ಮಾಡಲು ಶುರುಮಾಡಿದ ವರ್ಷಗಳಲ್ಲಿ ಮೊಡವೆ ಇದ್ದ ಹುಡುಗಿಯರು ಕರ್ಚೀಫು ಹಿಡಿದು ಗೋಡೆ ಬದಿಗೆ ಕೂರುತ್ತಿದ್ದರು. ಹುಡುಗರು ಮೊಡವೆ ಹಿಸುಕಿ ಬರುತ್ತಿದ್ದರು. ಗಂಡಸರ ಮುಖವನ್ನು ಯಾರೂ ನೋಡಲು ಬರುವುದಿಲ್ಲ ಎಂಬ ಕಾರಣಕ್ಕೆ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವವರೂ ಇರಲಿಲ್ಲ. ನನ್ನ ಚಿಕ್ಕಪ್ಪನ ಮಗನ ಕೆನ್ನೆಯಲ್ಲಿ ಇವತ್ತಿಗೂ ಗುಳಿಗಳಿವೆ. ಆಳವಾಗಿ ಬಿದ್ದ ಗುಳಿಯನ್ನು ಯಾವ ಮುಲಾಮೂ ತುಂಬುವುದಿಲ್ಲ. ಬೀಳದಂತೆ ಮೊದಲೇ ತಡೆಯಬಹುದಿತ್ತು, ಅಷ್ಟೆ.

ಈಗಿನ ಮಕ್ಕಳ ಮಾತೇ ಬೇರೆ. ‘ಮೇಡಂ, ಅಡಾಪಲೀನ್ ಹಚ್ತಾ ಇದೀನಿ, ಈಗ ಪರ್ಜಿಂಗ್’ (ಮೊದಲ ವಾರಗಳಲ್ಲಿ ಮೊಡವೆ ಹೆಚ್ಚುವುದಕ್ಕೆ ಅವರಿಟ್ಟ ಹೆಸರು) ಎಂದು ಹದಿನೇಳರ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳುತ್ತಾನೆ. ಅಮೆರಿಕದಲ್ಲಿ 0.1 ಪ್ರತಿಶತದ ಅಡಾಪಲೀನ್ 2016ರಿಂದ ಚೀಟಿಯಿಲ್ಲದೆ ಸಿಗುತ್ತದೆ ಎಂಬುದೂ ಅವನಿಗೆ ಗೊತ್ತು. ಆದರೆ ತಿಳಿವಳಿಕೆಯ ಜೊತೆಗೆ ಆತುರವೂ ಬಂದಿದೆ. ಅಡಾಪಲೀನ್ ಮೇಲೆ ಒಂದು ಸೀರಮ್, ಅದರ ಮೇಲೆ ಸುಲಿಯುವ ಆಮ್ಲ, ಬೆಳಿಗ್ಗೆ ಸ್ಕ್ರಬ್. ಹಾಗೆ ಚರ್ಮವನ್ನು ಹಸಿ ಮಾಡಿಕೊಂಡು ಬಂದವರಿಗೆ, ಎಲ್ಲವನ್ನೂ ನಿಲ್ಲಿಸಿ ಮೊದಲು ಬರೀ ಮಾಯಿಶ್ಚರೈಸರ್ ಹಚ್ಚಿ ಎನ್ನುತ್ತೇನೆ. ದುಡ್ಡಿನ ಮಾತೂ ಇದೆ. ರೆಟಿನಾಯ್ಡ್ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸೋಲುತ್ತದೆ. ಟ್ಯೂಬೊಂದು ತಿಂಗಳುಗಟ್ಟಲೆ ಬರುತ್ತದೆ. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನು ಸರಿಯಾಗಿ ಬಳಸಿದರೆ ಅಷ್ಟು ದಿನ ಬರುವುದಿಲ್ಲ. ಹಮಾಲಿ ಮಾಡುವವರ ಮಗಳಿಗೆ, ಅದನ್ನು ಕೊಳ್ಳಲು ಆಗುವವರೆಗೆ ಟೋಪಿ, ಕೊಡೆ, ದುಪಟ್ಟಾ ಬಿಡಬೇಡ ಎನ್ನುತ್ತೇನೆ. ಓದು ಮುಗಿಯುತ್ತಲೇ ಮದುವೆಯಾಗುವವರೂ ಇದ್ದಾರೆ. ಬಸಿರಿನಲ್ಲಿ ರೆಟಿನಾಯ್ಡ್ ಹಚ್ಚುವಂತಿಲ್ಲ, ಇದೇ ವಂಶದ ನುಂಗುವ ಮಾತ್ರೆ ಐಸೊಟ್ರೆಟಿನಾಯಿನ್ ಅಂತೂ ಹೊಟ್ಟೆಯಲ್ಲಿರುವ ಮಗುವಿಗೆ ಭಾರೀ ಅಪಾಯ ಎಂದು ಹುಡುಗಿಯರಿಗೆ ಬಾಯಿಬಿಟ್ಟು ಹೇಳುತ್ತೇನೆ. ಇದನ್ನು ಹೇಳಲು ನಾಚಿಕೊಳ್ಳುವ ಟೀಚರುಗಳ ಬಗ್ಗೆ ನನಗೆ ಸಿಟ್ಟಿದೆ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಇಪ್ಪತ್ತೈದು ದಾಟಿದ ಮೇಲೆ ಅವಳಿಗೆ ದವಡೆಯ ಮೇಲೆ ಮೊಡವೆ ಶುರುವಾಯಿತು. ಡಾಕ್ಟರು ಅಡಾಪಲೀನ್ ಕೊಟ್ಟು, ಯಾವ ವಾರ ಏನಾಗುತ್ತದೆ ಎಂದು ಹಾಳೆಯಲ್ಲಿ ಬರೆದುಕೊಟ್ಟರು. ಮೂರನೆಯ ವಾರ ಮುಖ ಸುಲಿಯುತ್ತಿದ್ದಾಗಲೇ, ಅವಳೂ ಒಪ್ಪಿದ್ದ ಒಂದು ಸಂಬಂಧದವರು ನೋಡಲು ಬರುತ್ತೇವೆಂದು ಹುಬ್ಬಳ್ಳಿಗೆ ಫೋನ್ ಮಾಡಿದರು. ಅಕ್ಕ ಸುತ್ತುಬಳಸಿ ಮಾತಾಡಲಿಲ್ಲ. ‘ಹುಡುಗಿ ಮಾರಿಗೆ ಔಷಧಿ ಹಚ್ಚಾಕತ್ಯಾಳ್ರೀ, ದೀಪಾವಳಿ ಆದಮ್ಯಾಲೆ ಬರ್ರಿ’ ಎಂದಳು. ಅವರು ಮತ್ತೆ ಫೋನ್ ಮಾಡಲಿಲ್ಲ. ಅಕ್ಕನೂ ಮಾಡಲಿಲ್ಲ. ದೀಪಾವಳಿಯ ಹೊತ್ತಿಗೆ ಮಗಳ ಮೊಡವೆ ಹೆಚ್ಚೂಕಡಿಮೆ ಇಳಿದಿತ್ತು, ಕಲೆಗಳಿದ್ದವು. ಕಲೆಗೆ ಇನ್ನೂ ಆರು ತಿಂಗಳಾದರೂ ಬೇಕು, ಮೊಡವೆ ಹೋಯಿತೆಂದು ಹಚ್ಚುವುದನ್ನು ನಿಲ್ಲಿಸಬೇಡ ಎಂದು ಡಾಕ್ಟರು ಹೇಳಿದ್ದಾರೆ. ಈಗ ವಾರಕ್ಕೆ ಮೂರು ರಾತ್ರಿ ಹಚ್ಚುತ್ತಾಳೆ.