ಲಂಡನ್‌ನಲ್ಲಿ ಒಂದು ಗುಂಡು ಟೋಪಿಯ ಜಾಡು ಹಿಡಿದು

ಆಫೀಸ್ ಕೆಲಸದ ಮೇಲೆ ಲಂಡನ್‌ಗೆ ಹೋದವರು ಬಿಗ್ ಬೆನ್ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರೋದೇ ಹೆಚ್ಚು. ಅರ್ಧ ದಿನ ಬಿಡುವು ಸಿಕ್ಕರೆ ಗ್ರೀನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದು ಸೇಂಟ್ ಜೇಮ್ಸ್ ಸ್ಟ್ರೀಟ್ ಕಡೆ ನಡೀರಿ. ಅಲ್ಲಿ ಆರನೇ ನಂಬರಿನಲ್ಲಿ ‘ಲಾಕ್ ಅಂಡ್ ಕೋ’ ಅನ್ನೋ ಟೋಪಿ ಅಂಗಡಿ ಇದೆ. ಶುರುವಾಗಿದ್ದು 1676ರಲ್ಲಿ! ಚಾರ್ಲಿ ಚಾಪ್ಲಿನ್ ಹಾಕ್ತಿದ್ದ ಗುಂಡು ಟೋಪಿ, ಅಂದ್ರೆ ಬೌಲರ್ ಹ್ಯಾಟ್, ಹುಟ್ಟೋಕೆ ಕಾರಣ ಈ ಅಂಗಡಿಗೆ ಬಂದ ಒಂದು ಆರ್ಡರ್.

1849ರಲ್ಲಿ ಎಡ್ವರ್ಡ್ ಕೋಕ್ ಅನ್ನೋ ಶ್ರೀಮಂತ ಇಲ್ಲಿಗೆ ಬಂದ. ಅವರ ಎಸ್ಟೇಟಿನ ಕಾಡು ಕಾಯುವ ಆಳುಗಳ ಉದ್ದನೆ ಟೋಪಿ ಮರದ ಕೊಂಬೆಗೆ ಸಿಕ್ಕಿ ಬೀಳ್ತಿತ್ತು. ಗಿಡ್ಡಗೆ, ಗಟ್ಟಿಯಾಗಿರೋದು ಬೇಕು ಅಂದ. ಅದನ್ನು ಮಾಡಿಕೊಟ್ಟವರು ಥೇಮ್ಸ್ ಆಚೆ ಸದರ್ಕ್‌ನಲ್ಲಿದ್ದ ಬೌಲರ್ ಮನೆತನದವರು. ಫೆಲ್ಟಿಗೆ ಅರಗು ಹಾಕಿ ಗಟ್ಟಿ ಮಾಡಿದ್ದರು. ಮಹಾಭಾರತದ ಅರಗಿನ ಮನೆ ನೆನಪಿದೆಯಲ್ಲ, ಅದೇ ಅರಗು. ಕೋಕ್ ಆ ಟೋಪಿಯನ್ನು ನೆಲಕ್ಕಿಟ್ಟು ಎರಡು ಸಲ ತುಳಿದು, ಅದು ಜಗ್ಗಲಿಲ್ಲ ಅಂತ ಗೊತ್ತಾದ ಮೇಲೇ 12 ಶಿಲಿಂಗ್ ಕೊಟ್ಟನಂತೆ.

ಹೀಗೆ ಆಳುಗಳಿಗೆ ಅಂತ ಮಾಡಿದ ಟೋಪಿ ಮುಂದೆ ಲಂಡನ್ನಿನ ಬ್ಯಾಂಕ್ ನೌಕರರ ಯೂನಿಫಾರ್ಮ್ ಆಯ್ತು. ಕಪ್ಪು ಕೋಟು, ಮಡಚಿದ ಕೊಡೆ, ತಲೆ ಮೇಲೆ ಬೌಲರ್.

ಅಲ್ಲಿಂದ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಲೆಸ್ಟರ್ ಸ್ಕ್ವೇರ್. ಅಲ್ಲಿ ಚಾಪ್ಲಿನ್ ಪ್ರತಿಮೆ ಇದೆ. ಚಾಪ್ಲಿನ್ ಬೆಳೆದಿದ್ದು ದಕ್ಷಿಣ ಲಂಡನ್ನಿನ ಬಡತನದಲ್ಲಿ, ಚಿಕ್ಕ ವಯಸ್ಸಲ್ಲೇ ಅನಾಥರು, ನಿರ್ಗತಿಕರು ಇರೋ ವರ್ಕ್‌ಹೌಸ್ ಸೇರಬೇಕಾಯ್ತು. 1914ರಲ್ಲಿ ತೆರೆಗೆ ಬಂದ ಆತನ ಅಲೆಮಾರಿಗೆ ಪ್ಯಾಂಟು ದೊಡ್ಡದು, ಶೂ ದೊಡ್ಡದು, ಟೋಪಿ ಮಾತ್ರ ಚಿಕ್ಕದು. ಹೊಟ್ಟೆಗಿಲ್ಲದಿದ್ರೂ ಟೋಪಿ ಎತ್ತಿ ನಮಸ್ಕಾರ ಮಾಡ್ತಾನೆ. ದೊಡ್ಡೋರ ಮರ್ಯಾದೆ ನಂಗೂ ಇದೆ ಅನ್ನೋ ಹಾಗೆ.

2020ರಲ್ಲಿ ಇದೇ ಚೌಕದಲ್ಲಿ ಮೇರಿ ಪಾಪಿನ್ಸ್ ಪ್ರತಿಮೆಯನ್ನೂ ಇಟ್ಟರು. 1964ರ ಆ ಸಿನಿಮಾದಲ್ಲಿ ಬ್ಯಾಂಕಿನವರು ಮಿಸ್ಟರ್ ಬ್ಯಾಂಕ್ಸ್‌ನನ್ನು ಕೆಲಸದಿಂದ ತೆಗೆಯೋ ದೃಶ್ಯ ನೋಡಿ. ಕೊಡೆ ಉಲ್ಟಾ ಮಾಡ್ತಾರೆ, ಬೌಲರ್ ಟೋಪಿಗೆ ಗುದ್ದಿ ತೂತು ಮಾಡ್ತಾರೆ. ಕೆಲಸ ಹೋಯ್ತು ಅಂತ ಬಾಯಲ್ಲಿ ಹೇಳೋದಕ್ಕಿಂತ ಅದೇ ಜೋರಾಗಿ ತಾಗುತ್ತೆ.

ಟೋಪಿ ಕೆಳಗಿರೋ ಮನುಷ್ಯ ಯಾರು ಅನ್ನೋ ಪ್ರಶ್ನೆಯನ್ನು ಚಿತ್ರದಲ್ಲಿ ಕೇಳಿದ್ದು ಬೆಲ್ಜಿಯಂನ ರೆನೆ ಮ್ಯಾಗ್ರಿಟ್. ಆತನ 1953ರ ಒಂದು ಚಿತ್ರದಲ್ಲಿ ಬೌಲರ್ ಹಾಕಿದ ಗಂಡಸರು ಮಳೆಹನಿ ಥರ ಆಕಾಶದ ತುಂಬ ನಿಂತಿದ್ದಾರೆ, ಎಲ್ಲರದ್ದೂ ಒಂದೇ ವೇಷ. ಚಿತ್ರದ ಹೆಸರು ‘ಗೋಲ್ಕೊಂಡ’, ನಮ್ಮ ಪಕ್ಕದ ಹೈದರಾಬಾದಿನ ವಜ್ರದ ಕೋಟೆಯದ್ದೇ! 1964ರ ಇನ್ನೊಂದರಲ್ಲಿ ಟೋಪಿ ಸರಿಯಾಗಿ ಕಾಣುತ್ತೆ, ಮುಖಕ್ಕೆ ಮಾತ್ರ ಹಸಿರು ಸೇಬು ಅಡ್ಡ.

ಕೊನೆಗೆ ಬೆಳಗ್ಗೆ ಎಂಟೂವರೆಗೆ ಲಂಡನ್ ಬ್ರಿಡ್ಜ್ ಮೇಲೆ ನಿಂತು ನೋಡಿ. ಜನ ಸಾಲುಗಟ್ಟಿ ಆಫೀಸಿಗೆ ಹೋಗ್ತಿರ್ತಾರೆ. ಬೌಲರ್ ಹುಡುಕಿದರೂ ಸಿಗಲ್ಲ, ಕೊರಳಲ್ಲಿ ಐಡಿ ಕಾರ್ಡ್ ಇರುತ್ತೆ, ಥೇಟ್ ನಮ್ಮ ಬೆಂಗಳೂರಿನ ಟೆಕ್ ಪಾರ್ಕ್ ಗೇಟಿನ ಹಾಗೆ. ಕೆಲಸ ಹೋದ ದಿನ ನಮ್ಮಲ್ಲೂ ಮೊದಲು ವಾಪಸ್ ಕೇಳೋದು ಅದನ್ನೇ. ಮಿಸ್ಟರ್ ಬ್ಯಾಂಕ್ಸ್ ಆವತ್ತು ತೂತು ಟೋಪಿಯಲ್ಲೇ ನಗ್ತಾ ಮನೆಗೆ ಹೋಗಿ, ಮಕ್ಕಳ ಹರಿದ ಗಾಳಿಪಟ ಸರಿ ಮಾಡಿ, ಅವರ ಜೊತೆ ಹಾರಿಸೋಕೆ ಹೊರಡ್ತಾನೆ. ಲಂಡನ್‌ಗೆ ಹೋಗೋಕೆ ಆಗದಿದ್ರೂ ಪರವಾಗಿಲ್ಲ, ಈ ಭಾನುವಾರ ಆ ಸಿನಿಮಾ ನೋಡಿ.