ರಾತ್ರಿಯ ತಂಪು, ಕಾಳಿನ ಎಣ್ಣೆ

ಅಶೋಕಪುರಂ, ಮೈಸೂರು, ಜೂನ್ 22

ಬೆಳಗಿನ ರೈಲನ್ನು ಇಲ್ಲೇ ಹತ್ತಿ, ಚಾಮರಾಜನಗರದ ಹತ್ತಿರ ಅಕ್ಕನ ಊರಿಗೆ ಹೋಗಿ ಬಂದೆ. ಯುಗಾದಿ ಕಳೆದು ಬಿದ್ದ ಮಳೆಗೆ ಬಿತ್ತಿದ ಸೂರ್ಯಕಾಂತಿ ಕಾಳು ಕಟ್ಟುತ್ತಿದೆ. ಭಾವ ಒಂದು ತೆನೆ ಬಗ್ಗಿಸಿ ಹಿಡಿದರು. ಅಂಚಿನ ಕಾಳನ್ನು ಉಗುರಲ್ಲಿ ಸೀಳಿದರೆ ತಿರುಳು ಗಟ್ಟಿ. ನಡುವಿನದನ್ನು ಒತ್ತಿದರೆ ಹಾಲು. ಹೂ ಅಂಚಿನಿಂದ ಒಳಕ್ಕೆ ಅರಳುತ್ತದೆ, ಕಾಳು ಬಲಿಯುವುದೂ ಹಾಗೆಯೇ.

“ಎಣ್ಣೆ ಕೂಡೋದು ಈಗಲೇ ಅಲ್ವಾ ಭಾವ?”

“ಹೂಂ, ಅದಕ್ಕೇ ಬಿಸಿಲು ಬೇಕು. ಮೋಡ ಬಿಡ್ತಾನೇ ಇಲ್ಲ.”

ಜೂನ್ 24

ಭಾವನ ಮಾತು ಸರಿ. ಕಾಳು ತುಂಬುವಾಗ ಬಿಸಿಲು ಕಡಿಮೆಯಾದರೆ ಎಣ್ಣೆಯೂ ಇಳಿಯುತ್ತದೆ. ಆ ಎಣ್ಣೆ ಎಂಥದ್ದು ಅನ್ನುವುದನ್ನು ಮಾತ್ರ ಹೆಚ್ಚಾಗಿ ರಾತ್ರಿಯ ಚಳಿ, ಸೆಖೆಗಳೇ ತೀರ್ಮಾನಿಸುತ್ತವೆ. ಕಾಳಿನೊಳಗೆ ಮೊದಲು ಓಲಿಕ್ ಆಮ್ಲ ತಯಾರಾಗುತ್ತದೆ. ಒಂದು ಕಿಣ್ವ ಅದನ್ನು ಲಿನೋಲಿಕ್ ಆಮ್ಲವಾಗಿಸುತ್ತದೆ. ತಂಪಿನಲ್ಲಿ ಆ ಕಿಣ್ವ ಚುರುಕು, ಸೆಖೆಯಲ್ಲಿ ಮಂದ. ಹಾಗಾಗಿ ಒಂದೇ ಬೀಜವಾದರೂ ಬೇಸಿಗೆ ಬೆಳೆಯಲ್ಲಿ ಓಲಿಕ್ ಏರುತ್ತದೆ, ತಂಪಿನಲ್ಲಿ ಬಲಿತದ್ದರಲ್ಲಿ ಲಿನೋಲಿಕ್ ಏರುತ್ತದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಮಾಮೂಲಿ ಸೂರ್ಯಕಾಂತಿ ಎಣ್ಣೆಗೆ ಲಿನೋಲಿಕ್ ಶೇ. 48ರಿಂದ 74ರವರೆಗೂ ಇರಬಹುದು ಅನ್ನುತ್ತದೆ. ಇಷ್ಟು ದೊಡ್ಡ ಅಂತರಕ್ಕೆ ಅಂಗಡಿಯಲ್ಲಿ ಒಂದೇ ಹೆಸರು!

ಜೂನ್ 29

ತಳಿಯ ವಿಷಯ. 1969ರಲ್ಲಿ ರಷ್ಯಾದ ತಳಿಗಳೊಂದಿಗೆ ಈ ಬೆಳೆ ನಮ್ಮಲ್ಲಿ ಎಣ್ಣೆಕಾಳಾಗಿ ಬೇರೂರಿತು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಕೊಟ್ಟಿತು. ಆಗ ಬೇಕಿದ್ದದ್ದು ಇಳುವರಿ, ರೋಗ ತಡೆಯುವ ಶಕ್ತಿ, ಹೆಚ್ಚು ಎಣ್ಣೆ. ಅತ್ತ ಸೋವಿಯತ್ ವಿಜ್ಞಾನಿ ಸೊಲ್ದಾತೊವ್ 1970ರ ದಶಕದಲ್ಲಿ ಬೀಜಕ್ಕೆ ರಾಸಾಯನಿಕ ಉಪಚಾರ ಮಾಡಿ ‘ಪೆರ್ವೆನೆಟ್ಸ್’ ತಳಿ ಪಡೆದರು. ಅದರ ಕಾಳಿನಲ್ಲಿ ಆ ಕಿಣ್ವದ ಕೆಲಸವೇ ಕುಗ್ಗಿತ್ತು. ಅದರಿಂದ ಬಂದ ತಳಿಗಳಲ್ಲಿ ಓಲಿಕ್ ಶೇ. 75 ದಾಟುತ್ತದೆ, ಹವಾಮಾನಕ್ಕೆ ಅವು ಅಷ್ಟಾಗಿ ಜಗ್ಗುವುದಿಲ್ಲ.

ಓಲಿಕ್ ಹೆಚ್ಚಿದ್ದರೆ ಕರಿಯುವಾಗ ಎಣ್ಣೆ ಬೇಗ ಕೆಡದು. ಲಿನೋಲಿಕ್ ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಆಮ್ಲ, ಅದೂ ಬೇಕು. ಯಾವುದನ್ನೂ ಕೆಟ್ಟದ್ದು ಅನ್ನಲಾರೆ. ಬೋಂಡಾ ಬಾಣಲೆಗೆ ಯಾವುದು, ಒಗ್ಗರಣೆಗೆ ಯಾವುದು ಅನ್ನುವುದು ಕೊಳ್ಳುವವರಿಗೆ ಗೊತ್ತಾಗಬೇಕು.

ಜುಲೈ 27

ಭಾವ ಫೋನ್ ಮಾಡಿದ್ದರು. ಬಡಿದು ಒಣಗಿಸಿ ಮಾರಿದ್ದಾಯಿತಂತೆ. ತೂಕ, ತೇವ, ಕಸ ನೋಡಿ ರೇಟು ಕಟ್ಟಿದರು. ಎಣ್ಣೆಯ ಗುಣ ಯಾರೂ ಕೇಳಲಿಲ್ಲ. ಹೊರದೇಶಗಳಲ್ಲಿ ಓಲಿಕ್ ಹೆಚ್ಚಿರುವ ಕಾಳಿಗೆ ಹೆಚ್ಚುವರಿ ಬೆಲೆ ಕೊಟ್ಟು ಬೆಳೆಸುತ್ತಾರೆ. ಇಲ್ಲಿ ಬಿತ್ತನೆಯ ಕಾಲವನ್ನು ಮಳೆಯೇ ಗೊತ್ತುಮಾಡುವುದರಿಂದ, ರೈತನ ಕೈಯಲ್ಲಿ ಉಳಿಯುವುದು ತಳಿಯ ಆಯ್ಕೆ ಒಂದೇ. ಆ ಆಯ್ಕೆಗೆ ಬೆಲೆ ಇಲ್ಲದಿದ್ದರೆ ಅವನು ಯಾಕೆ ಬೇರೆ ಬೀಜ ಹುಡುಕಿಯಾನು?

ಹಿಡಿಯಷ್ಟು ಕಾಳಿದ್ದರೆ ಪ್ರಯೋಗಾಲಯ ಆಮ್ಲಗಳ ಪಾಲು ಹೇಳಿಬಿಡುತ್ತದೆ. 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಊರು ನಮ್ಮದು. ಈ ವಿದ್ಯೆ ಮೈಸೂರಿಗೆ ಹೊಸದಲ್ಲ. ಆ ಪರೀಕ್ಷೆ ಮಾರುಕಟ್ಟೆಯ ತಕ್ಕಡಿಯ ಪಕ್ಕಕ್ಕೆ ಬರಬೇಕು. ಬೆಳೆದವನಿಗೆ ಅದರ ಪ್ರಕಾರ ದುಡ್ಡು ಸಿಗಬೇಕು.